ತೂಕದ ಯಂತ್ರಕ್ಕೊಂದು ಪಾಟೀಸವಾಲು

ಮೂರು ವರ್ಷಗಳ ಹಿಂದೆ, ನಾಗರ ಪಂಚಮಿ ಮುಗಿದ ಮರುವಾರ, ಧಾರವಾಡದ ಜಿಲ್ಲಾ ನ್ಯಾಯಾಲಯಕ್ಕೆ ಹೊರಡುವ ಗಡಿಬಿಡಿಯಲ್ಲಿ ನನ್ನ ಕರಿ ಕೋಟಿನ ನಡುಗುಂಡಿ ಕಿತ್ತು ಹಾರಿ ದೇವರ ಮನೆಯ ಹೊಸ್ತಿಲ ಬಳಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನಿಗೆ ಉಸಿರು ಕಟ್ಟಿತು. ಆ ಸಂಜೆ ಮಗಳು ತನ್ನ ಕೋಣೆಯಿಂದ ತೂಕದ ಯಂತ್ರವನ್ನು ತಂದು ಪಡಸಾಲೆಯಲ್ಲಿಟ್ಟಳು. ಅದು 86 ಕಿಲೊ ಎಂದಿತು. ನನ್ನ ಎತ್ತರ 168 ಸೆಂಟಿಮೀಟರ್, ವಯಸ್ಸು ಆಗ 51. ಟೇಪು ಹಿಡಿದು ಅಳೆದಾಗ ಹೊಟ್ಟೆಯ ಸುತ್ತಳತೆ 104 ಸೆಂಟಿಮೀಟರ್ ಬಂತು. ಪಂಚಮಿಯ ಮೇಲೆ ತಪ್ಪು ಹೊರಿಸಿ ಪಾರಾಗಬಹುದಿತ್ತು. ಆದರೆ ಶೇಂಗಾದುಂಡಿ, ಎಳ್ಳುಂಡಿ, ಅಂಟಿನುಂಡಿಗಳು ಎಷ್ಟೇ ಸಮರ್ಥವಾಗಿದ್ದರೂ ಒಂದು ವಾರದಲ್ಲಿ ಹದಿನೈದು ಕಿಲೊ ಏರಿಸಲಾರವು ಎಂಬುದು ನನಗೂ ತಿಳಿದಿತ್ತು.

ಮರುದಿನ ವಕೀಲರ ಕೊಠಡಿಯಲ್ಲಿ ಈ ವಿಷಯ ಬಾಯಿಬಿಟ್ಟದ್ದೇ ತಡ, ಸಲಹೆಗಳು ಸುರಿದವು. ‘ಅನ್ನ ಬಿಡ್ರಿ, ರೊಟ್ಟಿ ಹಿಡೀರಿ’ ಎಂದರು ಒಬ್ಬರು. ‘ಮುಂಜಾನೆದ್ದು ಬಿಸಿನೀರಾಗ ಜೇನತುಪ್ಪ, ಲಿಂಬಿಹಣ್ಣು’ ಎಂದರು ಇನ್ನೊಬ್ಬರು. ‘ರಾತ್ರಿ ಏಳರ ಮ್ಯಾಲ ಬಾಯಿ ಮುಚ್ಚಿಬಿಡ್ರಿ, ಮುಗೀತು’ ಎಂದವರು ಸ್ವತಃ ನನಗಿಂತ ದಪ್ಪಗಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಇವರಲ್ಲಿ ಯಾರೂ ಗಾಳಿಮಾತು ಆಡಲಿಲ್ಲ. ಪ್ರತಿಯೊಬ್ಬರ ಬಳಿಯೂ ಒಂದು ಸಾಕ್ಷಿ ಇತ್ತು: ಒಬ್ಬರ ಷಡ್ಕ ಒಂದೇ ವಾರದಲ್ಲಿ ಮೂರು ಕಿಲೊ ಇಳಿದಿದ್ದ, ಇನ್ನೊಬ್ಬರ ನಾದಿನಿ ಹತ್ತು ದಿನಕ್ಕೆ ಎರಡೂವರೆ.

ನಾನು ಮೊದಲ ಸಲಹೆಯನ್ನೇ ಹಿಡಿದೆ. ಅನ್ನವನ್ನು ಪೂರ್ತಿ ಬಿಟ್ಟೆ. ಎಂಟನೆಯ ದಿನ ಯಂತ್ರ 83.9 ತೋರಿಸಿತು. ಎರಡು ಕಿಲೊಗಿಂತ ಹೆಚ್ಚು! ಆ ವಾರ ನಾನು ಎದುರಿಗೆ ಸಿಕ್ಕವರಿಗೆಲ್ಲ ಅನ್ನದ ವಿರುದ್ಧ ಭಾಷಣ ಮಾಡಿದೆ, ನನ್ನ ಮಾತು ನಂಬಿ ಇಬ್ಬರು ಕಕ್ಷಿದಾರರು ಅನ್ನ ಬಿಟ್ಟರೆಂದೂ ಆಮೇಲೆ ತಿಳಿಯಿತು. ಎರಡನೆಯ ವಾರ ಇನ್ನೂರು ಗ್ರಾಂ ಇಳಿಯಿತು. ಮೂರನೆಯ ವಾರ ಏನೂ ಇಲ್ಲ. ಏಳನೆಯ ವಾರ, ಒಂದು ಅಗುಳನ್ನೂ ಮುಟ್ಟದೆ, 85.4ಕ್ಕೆ ಮರಳಿ ನಿಂತಿದ್ದೆ.

ಇಪ್ಪತ್ತೈದು ವರ್ಷಗಳಿಂದ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಿ ಹೊಟ್ಟೆ ಹೊರೆಯುವ ಮನುಷ್ಯ ನಾನು. ಆದರೂ ಈ ಒಂದು ಸಾಕ್ಷಿಗೆ ಒಂದೇ ಒಂದು ಪ್ರಶ್ನೆ ಹಾಕಿರಲಿಲ್ಲ: ಇಳಿದದ್ದು ಎರಡು ಕಿಲೊ ಸರಿ, ಎರಡು ಕಿಲೊ ಏನು?

ಉತ್ತರ ಹುಡುಕಿದಾಗ ಸಿಕ್ಕಿದ್ದು ನೀರು. ನಮ್ಮ ದೇಹ ಸಕ್ಕರೆಯ ಅಂಶವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿ ನೂರು ಗ್ರಾಂ, ಸ್ನಾಯುಗಳಲ್ಲಿ ನಾಲ್ಕುನೂರು ಗ್ರಾಂ ಆಸುಪಾಸು ಕೂಡಿಟ್ಟಿರುತ್ತದೆ, ಮತ್ತು ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟದಲ್ಲಿ ಏಕಾಏಕಿ ಏನನ್ನಾದರೂ ಕಡಿತ ಮಾಡಿದರೆ, ಅದು ಅನ್ನವಾಗಲಿ, ಸಂಜೆಯ ಊಟವಾಗಲಿ, ದೇಹ ಮೊದಲು ಕೈಹಾಕುವುದು ಈ ಕೈಗಡದ ಪೆಟ್ಟಿಗೆಗೆ. ಅದು ಅರ್ಧ ಬರಿದಾದರೂ ಒಂದು ಕಿಲೊ ಹೋಯಿತು; ಜೊತೆಗೆ ಸಾರು, ಉಪ್ಪಿನಕಾಯಿ ಕಡಿಮೆಯಾಗಿ ಉಪ್ಪಿನ ಜೊತೆಗಿದ್ದ ನೀರೂ ಹೋಯಿತು. ಕೊಬ್ಬು ಇದ್ದಲ್ಲೇ ಇರುತ್ತದೆ. ಮುಂದೊಂದು ದಿನ ಮದುವೆ ಮನೆಯಲ್ಲಿ ಎರಡು ಹೋಳಿಗೆ ಉಂಡರೆ ಆ ನೀರು ಅಷ್ಟೇ ನಿಷ್ಠೆಯಿಂದ ಹಿಂದಿರುಗುತ್ತದೆ. ತೂಕ ಇಳಿಸುವ ಬಗ್ಗೆ ನಮ್ಮಲ್ಲಿ ಹಬ್ಬಿರುವ ತಪ್ಪು ನಂಬಿಕೆಗಳು ಒಂದಕ್ಕೊಂದು ತಾಳೆಯಾಗದಿದ್ದರೂ ಎಲ್ಲವೂ ಬದುಕಿ ಉಳಿದಿರುವುದು ಇದೇ ಕಾರಣಕ್ಕೆ ಎಂದು ನನಗೆ ಅನ್ನಿಸಿತು: ಯಾವ ಪಥ್ಯ ಹಿಡಿದರೂ ಮೊದಲ ವಾರ ನೀರು ಬಂದು ಅದರ ಪರವಾಗಿ ಸಾಕ್ಷಿ ಹೇಳಿ ಹೋಗುತ್ತದೆ. ಎಂಟನೆಯ ವಾರದಲ್ಲಿ ಸಾಕ್ಷಿ ತಿರುಗಿಬಿದ್ದರೂ ಅಷ್ಟರಲ್ಲಿ ತೀರ್ಪು ಊರೆಲ್ಲ ಹರಡಿರುತ್ತದೆ, ಮತ್ತು ತೂಕ ಮರಳಿ ಬಂದದ್ದನ್ನು ಯಾರೂ ಷಡ್ಕನ ಹೆಸರು ಹೇಳಿ ಪ್ರಚಾರ ಮಾಡುವುದಿಲ್ಲ.

ಈಗ ರೊಟ್ಟಿಯ ಮಾತು. ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಇದು ನುಂಗಲು ಕಷ್ಟದ ಮಾತು. ನನಗೂ ಕಷ್ಟವೇ ಆಯಿತು. ಜೋಳದ ರೊಟ್ಟಿ ಉಂಡರೆ ಮೈ ಬರುವುದಿಲ್ಲ, ಅನ್ನ ಉಂಡರೆ ಬರುತ್ತದೆ ಎಂಬುದು ನಮ್ಮಲ್ಲಿ ಸಂಶಯಕ್ಕೆ ಎಡೆಯಿಲ್ಲದ ಸತ್ಯ. ಬೆಂಗಳೂರಿನಿಂದ ಬಂದ ನೆಂಟರೂ ತಲೆಯಾಡಿಸುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವನ್ನು ತೆರೆದರೆ ಜೋಳ, ಗೋದಿ ಹಿಟ್ಟು, ಅಕ್ಕಿ ಮೂರೂ ನೂರು ಗ್ರಾಮಿಗೆ 320ರಿಂದ 360 ಕ್ಯಾಲೊರಿಯ ಒಳಗೇ ಬಂದು ಕೂರುತ್ತವೆ. (ಶಾಸ್ತ್ರದ ಪ್ರಕಾರ ಕಿಲೊಕ್ಯಾಲೊರಿ ಎನ್ನಬೇಕು, ರೂಢಿಯಂತೆ ಕ್ಯಾಲೊರಿ ಎನ್ನುತ್ತೇನೆ.) ನಾನು ಅಡಿಗೆಮನೆಯ ಪುಟ್ಟ ತಕ್ಕಡಿ ತಂದು ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತೆ. ‘ಹಿಟ್ಟು ತೂಗಿ ರೊಟ್ಟಿ ಮಾಡೂ ಬಡತನ ಈ ಮನಿಗಿನ್ನೂ ಬಂದಿಲ್ಲ’ ಎಂದು ಅವಳು ಗದರಿದರೂ ಲೆಕ್ಕ ಸಿಕ್ಕಿತು: ನಮ್ಮ ಮನೆಯ ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು, ಅಂದರೆ ಇನ್ನೂರು ಕ್ಯಾಲೊರಿ. ಮೊದಲು ನಾನು ಮಧ್ಯಾಹ್ನ ಎರಡು ರೊಟ್ಟಿ ಮತ್ತು 80 ಗ್ರಾಂ ಅಕ್ಕಿಯ ಅನ್ನ ಉಣ್ಣುತ್ತಿದ್ದೆ. ಅನ್ನ ಬಿಟ್ಟ ಮೇಲೆ ಮೂರೂವರೆ ರೊಟ್ಟಿ. ಬಿಟ್ಟದ್ದು 285 ಕ್ಯಾಲೊರಿ, ಹಿಡಿದದ್ದು ಮುನ್ನೂರು. ರೊಟ್ಟಿ ಹೆಚ್ಚಿತೆಂದ ಮೇಲೆ ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಚಟ್ನಿ ಬೇಕು, ಚಟ್ನಿಗೆ ಮೇಲಿಂದ ಎಣ್ಣೆ ಬೇಕು, ಬದನೆಕಾಯಿ ಎಣ್ಣೆಗಾಯಿಯ ರಸ ಬೇಕು. ಇಪ್ಪತ್ತು ಗ್ರಾಂ ಚಟ್ನಿಪುಡಿಗೆ ನೂರರ ಆಸುಪಾಸು, ಎರಡು ಚಿಕ್ಕ ಚಮಚ ಎಣ್ಣೆಗೆ ಎಂಬತ್ತು. ಅನ್ನ ತ್ಯಜಿಸಿದ ಸಂಯಮಿಯ ಊಟ ಮೊದಲಿಗಿಂತ ಸುಮಾರು ಇನ್ನೂರು ಕ್ಯಾಲೊರಿ ದೊಡ್ಡದಾಗಿತ್ತು.

ಹಾಗೆಂದು ರೊಟ್ಟಿಯ ಮಾನ ಕಳೆಯುವ ಉದ್ದೇಶ ನನಗಿಲ್ಲ. ಜೋಳದಲ್ಲಿ ನೂರು ಗ್ರಾಮಿಗೆ ಹತ್ತು ಗ್ರಾಮಿನಷ್ಟು ನಾರು ಇದೆ, ಪಾಲಿಶ್ ಅಕ್ಕಿಯಲ್ಲಿ ಅದು ಮೂರನ್ನೂ ದಾಟುವುದಿಲ್ಲ. ಖಡಕ್ ರೊಟ್ಟಿಯನ್ನು ಅಗಿಯದೆ ನುಂಗಲಾಗದು, ಹಾಗಾಗಿ ಊಟ ನಿಧಾನವಾಗುತ್ತದೆ, ಹೊಟ್ಟೆ ಬೇಗ ತುಂಬುತ್ತದೆ. ರೊಟ್ಟಿ ಉಂಡ ಹಿರಿಯರು ತೆಳ್ಳಗಿದ್ದರು ಎಂಬುದೂ ನಿಜ. ಆದರೆ ಅವರು ಎರಿಹೊಲದಲ್ಲಿ ಕುಂಟೆ ಹೊಡೆದು, ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಎಣ್ಣೆ ಗಾಣದಿಂದ ಅಳೆದು ತರುವ ವಸ್ತುವಾಗಿತ್ತು. ಆ ಸನ್ನಿವೇಶದಿಂದ ರೊಟ್ಟಿಯನ್ನಷ್ಟೇ ಕಿತ್ತು ತಂದು, ಎಂಟು ತಾಸು ಕುರ್ಚಿಯಲ್ಲಿ ಕೂರುವವನ ತಟ್ಟೆಗೆ ಹಾಕಿ, ಅದೇ ಫಲ ಕೊಡು ಎಂದರೆ ಅದು ಪಾಪ ಏನು ಮಾಡೀತು? ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನವಣೆ, ಸಾವೆಗಳಿಗೂ ಇದೇ ಗತಿ ಬಂದಿದೆ. ಸಕ್ಕರೆಯ ಬದಲು ಬೆಲ್ಲ ಹಾಕುವುದೂ ಇದೇ ಜಾತಿಯ ಲೆಕ್ಕ. ಎರಡರ ಕ್ಯಾಲೊರಿಯೂ ಹೆಚ್ಚುಕಡಿಮೆ ಒಂದೇ.

ಜೇನುತುಪ್ಪದ ಬಿಸಿನೀರಿನ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಅದರಲ್ಲಿ ಹೆಚ್ಚೇನೂ ಇಲ್ಲ: ಒಂದು ಚಿಕ್ಕ ಚಮಚ ಜೇನು ಇಪ್ಪತ್ತು ಕ್ಯಾಲೊರಿ, ನೀರು ಸೊನ್ನೆ. ಆದರೆ ಅದರ ಹಿಂದಿರುವ ಒಂದು ಪದ ನನ್ನನ್ನು ಬಹಳ ದಿನ ಕಾಡಿತು. ಕನ್ನಡದಲ್ಲಿ ನಾವು ಕೊಬ್ಬು ‘ಕರಗುತ್ತದೆ’ ಎನ್ನುತ್ತೇವೆ. ಕರಗುವುದು ಬೆಣ್ಣೆ, ಕರಗುವುದು ಚಳಿಗಾಲದಲ್ಲಿ ಹೆಪ್ಪಾದ ತುಪ್ಪ, ಒಲೆಯ ಶಾಖ ತಾಗಿ. ಪದವೇ ಚಿತ್ರವನ್ನು ಕೊಟ್ಟ ಮೇಲೆ ಬಿಸಿನೀರು ಕುಡಿದರೆ, ಬೆವರಿದರೆ, ಹೊಟ್ಟೆಗೆ ರಬ್ಬರಿನ ಪಟ್ಟಿ ಬಿಗಿದರೆ ಒಳಗಿನ ತುಪ್ಪ ಕರಗಿ ಹರಿಯುತ್ತದೆ ಎಂದು ಮನಸ್ಸು ನಂಬುವುದು ಸಹಜ. ನಿಜಕ್ಕೂ ನಡೆಯುವುದು ಉರಿಯುವ ಕ್ರಿಯೆ. ಆಸ್ಟ್ರೇಲಿಯಾದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಈ ಲೆಕ್ಕವನ್ನು ಬಿಡಿಸಿ ತೋರಿಸಿದರು: ಹತ್ತು ಕಿಲೊ ಕೊಬ್ಬು ದೇಹದಲ್ಲಿ ಉರಿದರೆ ಅದರ 8.4 ಕಿಲೊ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೊ ನೀರಾಗುತ್ತದೆ. ಕಳೆದುಕೊಂಡ ಕೊಬ್ಬಿನ ಬಹುಪಾಲನ್ನು ನಾವು ಉಸಿರಾಗಿ ಬಿಟ್ಟಿರುತ್ತೇವೆ. ಜೋರಾಗಿ ಉಸಿರು ಬಿಟ್ಟರೆ ಸಾಕೇ ಎಂದು ನಮ್ಮ ಗುಮಾಸ್ತ ಕೇಳಿದ. ಸಾಲದು, ಒಲೆಯಲ್ಲಿ ಸೌದೆ ಉರಿಯದೆ ಕೊಳವೆ ಎಷ್ಟು ಊದಿದರೇನು.

ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಹೋಗುತ್ತದೆ ಎಂಬುದೂ ಇದೇ ಕರಗುವ ಚಿತ್ರದ ಮರಿ. ದಿನವೂ ಒಂದೇ ಕೈಯಿಂದ ಚೆಂಡು ಹೊಡೆಯುವ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಮೆರಿಕದಲ್ಲಿ ಅಳೆದು 1971ರಲ್ಲಿ ಪ್ರಕಟಿಸಿದರು. ಆಡುವ ತೋಳಿನ ಸ್ನಾಯು ದಪ್ಪಗಿತ್ತು, ಆದರೆ ಚರ್ಮದಡಿಯ ಕೊಬ್ಬಿನ ಪದರ ಎರಡೂ ಕಡೆ ಒಂದೇ ಸಮವಾಗಿತ್ತು. ಎಲ್ಲಿಂದ ತೆಗೆಯಬೇಕೆಂಬುದನ್ನು ದೇಹ ನಮ್ಮನ್ನು ಕೇಳಿ ಮಾಡುವುದಿಲ್ಲ.

ನಡಿಗೆಯ ವಿಷಯದಲ್ಲಿ ನನ್ನ ಭ್ರಮೆ ಹರಿದದ್ದು ಹುಬ್ಬಳ್ಳಿಯಲ್ಲಿ. ಅಕ್ಕನ ಮನೆಗೆ ಹೋದಾಗಲೆಲ್ಲ ಭಾವನ ಜೊತೆ ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತುವ ರೂಢಿ. ಮೇಲೆ ನಿಂತು ಊರನ್ನೂ ಉಣಕಲ್ ಕೆರೆಯ ಹೊಳಪನ್ನೂ ನೋಡಿ, ಬೆವರು ಒರೆಸಿಕೊಂಡು, ಊರೊಳಗೆ ಇಳಿದು ಬಂದು ‘ಇವತ್ತು ನಡದೀವಲ್ಲ’ ಎಂಬ ಹಕ್ಕಿನಿಂದ ಎರಡೆರಡು ಮಿರ್ಚಿ ಭಜಿ, ಒಂದೊಂದು ಪ್ಲೇಟು ಗಿರಮಿಟ್ಟು ತಿನ್ನುತ್ತಿದ್ದೆವು. ನನ್ನ ತೂಕದ ಮನುಷ್ಯ ನಾಲ್ಕು ಕಿಲೊಮೀಟರ್ ನಡೆದರೆ ಖರ್ಚಾಗುವುದು ಹೆಚ್ಚೆಂದರೆ 250 ಕ್ಯಾಲೊರಿ. ಭಜಿ, ಗಿರಮಿಟ್ಟುಗಳದ್ದು, ನನ್ನ ಅಂದಾಜಿನಲ್ಲಿ, ಅದರ ಎರಡು ಪಟ್ಟು. ದೇಹದ ಜಿಪುಣತನ ಇಷ್ಟಕ್ಕೇ ಮುಗಿಯುವುದಿಲ್ಲ. ಅಮೆರಿಕದ ಸಂಶೋಧಕ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ತಾಂಜಾನಿಯಾದ ಹಾಡ್ಜಾ ಎಂಬ ಬೇಟೆಗಾರ ಜನರ ದಿನದ ಶಕ್ತಿವ್ಯಯವನ್ನು ಅಳೆದು 2012ರಲ್ಲಿ ಪ್ರಕಟಿಸಿದಾಗ, ದಿನವಿಡೀ ಕಾಡು ಸುತ್ತುವ ಅವರು, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, ಪಾಶ್ಚಾತ್ಯ ನಗರವಾಸಿಗಳಷ್ಟೇ ಖರ್ಚು ಮಾಡುತ್ತಿದ್ದರು. ಒಂದು ಕಡೆ ಹೆಚ್ಚು ವ್ಯಯಿಸಿದರೆ ದೇಹ ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದೆ ಎಂಬುದು ಅವರ ವಿವರಣೆ. ಇದನ್ನು ಓದಿ ನಾನು ನಡಿಗೆ ಬಿಡಲಿಲ್ಲ. ರಕ್ತದೊತ್ತಡಕ್ಕೆ, ಸಕ್ಕರೆಗೆ, ನಿದ್ರೆಗೆ, ಇಳಿದ ತೂಕ ಮರಳದಂತೆ ತಡೆಯುವುದಕ್ಕೆ ಅದು ಬೇಕೇ ಬೇಕು. ಬಿಟ್ಟದ್ದು ಭಜಿಯ ಹಕ್ಕನ್ನು. ಭಾವ ಇನ್ನೂ ಬಿಟ್ಟಿಲ್ಲ.

‘ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ’ ಎಂದು ಅಜ್ಜ ಹೇಳುತ್ತಿದ್ದ. ಬೆಳಗಿನ ನಾಷ್ಟಾ ಬಿಟ್ಟರೆ ಮೈ ಬರುತ್ತದೆ ಎಂದು ಈಗಿನವರು ಹೇಳುತ್ತಾರೆ. ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆಯೊಂದರ ಪ್ರಕಾರ ನಾಷ್ಟಾ ತಿಂದವರೇ ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚು ತಿಂದಿದ್ದರು. ಅಜ್ಜ ಪೂರ್ತಿ ಗೆದ್ದನೆಂದಲ್ಲ, ಏಕೆಂದರೆ ಒಪ್ಪತ್ತಿನ ನಮ್ಮ ರೀತಿಯೇ ಬೇರೆ: ಏಕಾದಶಿಯಂದು ಉಪವಾಸದ ಹೆಸರಿನಲ್ಲಿ ನಮ್ಮ ಮನೆಯಲ್ಲಿ ಶೇಂಗಾ ಪುಡಿ ಹಾಕಿದ ಸಾಬುದಾಣಿ ಖಿಚಡಿ, ಬಾಳೆಹಣ್ಣು, ಕೆನೆಹಾಲು ಸೇರಿ ಆಗುವ ಫಳಾರ ಯಾವ ಊಟಕ್ಕೂ ಕಡಿಮೆಯದಲ್ಲ. ಹೊತ್ತು ಎಷ್ಟು ಎನ್ನುವುದಕ್ಕಿಂತ ಹೊತ್ತಿಗೆ ಎಷ್ಟು ಎನ್ನುವುದು ಲೆಕ್ಕಕ್ಕೆ ಬರುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಯಾವ ಹೊತ್ತನ್ನೂ ಬಿಡಬಾರದು, ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ನನ್ನ ಕೊನೆಯ ರಕ್ಷಣಾವಾದ ವಯಸ್ಸಿನದಾಗಿತ್ತು. ಐವತ್ತಾದ ಮೇಲೆ ಪಚನಶಕ್ತಿಯೇ ನಿಧಾನವಾಗುತ್ತದೆ, ನಾನೇನು ಮಾಡಲಿ? ಅದೇ ಪಾಂಟ್ಸರ್ ಅವರ ತಂಡ 2021ರಲ್ಲಿ, 29 ದೇಶಗಳ 6,400ಕ್ಕೂ ಹೆಚ್ಚು ಜನರ, ಎಂಟು ದಿನದ ಕೂಸಿನಿಂದ 95 ವರ್ಷದ ವೃದ್ಧರವರೆಗಿನ ಅಳತೆಗಳನ್ನು ಮುಂದಿಟ್ಟು, ದೇಹದ ಗಾತ್ರಕ್ಕೆ ತಕ್ಕಂತೆ ಹೋಲಿಸಿದರೆ ಇಪ್ಪತ್ತರಿಂದ ಅರವತ್ತರವರೆಗೆ ಶಕ್ತಿವ್ಯಯ ಬಹುತೇಕ ಬದಲಾಗುವುದೇ ಇಲ್ಲ ಎಂದು ತೋರಿಸಿತು. ನನ್ನ ವಾದ ಅಲ್ಲಿಗೆ ವಜಾ. ಬದಲಾದದ್ದು ಸೈಕಲ್ಲು ಹೋಗಿ ಸ್ಕೂಟರು ಬಂದದ್ದು, ಮತ್ತು ಚಹಾ.

ಹೌದು, ಚಹಾ. ಸಲಹೆ ಕೊಟ್ಟ ಅಷ್ಟು ಜನರಲ್ಲಿ ಒಬ್ಬರೂ ಇದರ ಹೆಸರೆತ್ತಲಿಲ್ಲ, ಏಕೆಂದರೆ ಆ ಸಲಹೆಗಳನ್ನೆಲ್ಲ ಕೊಟ್ಟದ್ದು ಚಹಾ ಕುಡಿಯುತ್ತಲೇ. ದಿನಕ್ಕೆ ಏಳು ಚಹಾ. ಒಂದೊಂದರಲ್ಲಿ ಎರಡು ಚಿಕ್ಕ ಚಮಚ, ಅಂದರೆ ಎಂಟು ಗ್ರಾಂ ಸಕ್ಕರೆ. ಏಳೆಂಟಲೆ ಐವತ್ತಾರು ಗ್ರಾಂ, 220 ಕ್ಯಾಲೊರಿಯ ಮೇಲೆ, ಹಾಲಿನದು ಬೇರೆ. ಹಾಗೆಯೇ ಎಣ್ಣೆಯ ಡಬ್ಬಿ. ನಾವು ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿತ್ತು. ಭಾಗಿಸಿದರೆ ತಲೆಗೆ ದಿನಕ್ಕೆ 38 ಗ್ರಾಂ, ಸುಮಾರು 340 ಕ್ಯಾಲೊರಿ. ಶೇಂಗಾ ಎಣ್ಣೆ ಬಿಟ್ಟು ಇನ್ನಾವುದೋ ಎಣ್ಣೆ ಹಿಡಿಯಿರಿ, ಎಣ್ಣೆ ಬಿಟ್ಟು ತುಪ್ಪ ಹಿಡಿಯಿರಿ ಎಂದು ಹೇಳುವವರಿದ್ದರು. ಗ್ರಾಮಿಗೆ ಒಂಬತ್ತು ಕ್ಯಾಲೊರಿ ಎಂಬುದು ಎಲ್ಲ ಎಣ್ಣೆಗೂ ಒಂದೇ, ತುಪ್ಪವೂ ಅದರ ಸಮೀಪವೇ. ಡಬ್ಬಿಯ ಗಾತ್ರದ ಬಗ್ಗೆ ಯಾರೂ ಮಾತಾಡಲಿಲ್ಲ. ಅನ್ನ ಬಿಟ್ಟೆ ಎಂದು ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ಚಹಾ ಬೇಡ ಎಂದರೆ ಕೂಟವೇ ಬೇಡವೆಂದಂತೆ, ಪೇಡೆ ಬೇಡ ಎಂದರೆ ತಂದವರ ಶುಭಕಾರ್ಯವನ್ನೇ ನಿರಾಕರಿಸಿದಂತೆ. ನಮ್ಮ ತಪ್ಪು ನಂಬಿಕೆಗಳು ಬಹಳ ಸಭ್ಯ ನಂಬಿಕೆಗಳು, ಅವು ಯಾರ ಮನಸ್ಸನ್ನೂ ನೋಯಿಸುವುದಿಲ್ಲ.

ಒಂದು ನಂಬಿಕೆ ಮಾತ್ರ ಸಭ್ಯವಲ್ಲ: ದಪ್ಪಗಿರುವವರು ಸೋಮಾರಿಗಳು, ಮನಸ್ಸು ಮಾಡಿದರೆ ಇಳಿಯಬಹುದು ಎಂಬುದು. ಇದನ್ನು ಹೆಚ್ಚಾಗಿ ಕೇಳಿಸಿಕೊಳ್ಳುವವರು ಹೆಣ್ಣುಮಕ್ಕಳು. ನನ್ನ ಹೊಟ್ಟೆಯನ್ನು ಊರು ‘ತಬ್ಬೇತ ಛಲೋ ಐತಿ’ ಎಂದು ಮೆಚ್ಚಿದ ವರ್ಷಗಳಲ್ಲೇ ನನ್ನ ಹೆಂಡತಿಗೆ ಪ್ರತಿ ಮದುವೆಯಲ್ಲೂ ಯಾರಾದರೊಬ್ಬರು ಡಯಟ್ ಹೇಳಿಕೊಟ್ಟಿದ್ದಾರೆ. ಅವಳಿಗೆ ಥೈರಾಯ್ಡ್ ಕೊರತೆ ಇದೆಯೆಂದು ತಿಳಿದಾಗ ಎಲ್ಲವೂ ಅದರದೇ ಎಂದರು. ಗುಳಿಗೆ ತಗೊಂಡ ಮೇಲೂ ತೂಕ ಪೂರ್ತಿ ಇಳಿಯದಿದ್ದಾಗ ಎಲ್ಲವೂ ಅವಳದೇ ಎಂದರು. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕಿಲೊ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಇಲ್ಲಿಯೂ ನೀರೇ ನೋಡಿ. ಇನ್ನು ಮನಸ್ಸು ಮಾಡುವ ಮಾತು: ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ 14 ಜನರನ್ನು ಆರು ವರ್ಷಗಳ ನಂತರ ಕೆವಿನ್ ಹಾಲ್ ಎಂಬ ಸಂಶೋಧಕರ ತಂಡ ಅಳೆದಾಗ, ಅವರ ದೇಹ ವಿಶ್ರಾಂತಿಯಲ್ಲಿ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಉರಿಸುತ್ತಿತ್ತು. ಅಂಥವರಿಗೆ ಸೋಮಾರಿ ಎನ್ನಲು ಎಂಥ ಬಾಯಿ ಬೇಕು!

ತೆಳ್ಳಗಿದ್ದರೆ ಸುರಕ್ಷಿತ ಎಂಬುದೂ ಅಷ್ಟೇ ಕಚ್ಚಾ ಮಾತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮನ್ನೇ ಉದಾಹರಣೆಯಾಗಿ ನಿಲ್ಲಿಸಿಕೊಂಡರು. ಅವರದೂ ಅವರ ಬ್ರಿಟಿಷ್ ಮಿತ್ರ ಜಾನ್ ಯುಡ್ಕಿನ್‌ರದೂ ಬಿಎಂಐ (ಎತ್ತರಕ್ಕೆ ಹೋಲಿಸಿ ನೋಡುವ ತೂಕದ ಅಳತೆ) ಒಂದೇ, 22.3. ಆದರೆ ಯುಡ್ಕಿನ್‌ರ ಮೈಯಲ್ಲಿ ಕೊಬ್ಬು 9.1 ಪ್ರತಿಶತ, ಯಾಜ್ಞಿಕರ ಮೈಯಲ್ಲಿ 21.2. ಭಾರತೀಯರಿಗೆ ಬಿಎಂಐ 23ಕ್ಕೇ ಎಚ್ಚರಿಕೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂಬ ಮಿತಿಗಳು ಇಂಥ ಕಾರಣಗಳಿಂದ ಬಂದವು. ಕೋರ್ಟಿನ ಕಿರಿಯ ಮಿತ್ರರೊಬ್ಬರು ಕಡ್ಡಿಯಂಥ ಕೈಕಾಲು, ಗಡಿಗೆಯಂಥ ಹೊಟ್ಟೆಯವರು, 38ಕ್ಕೇ ಮಧುಮೇಹದ ಗುಳಿಗೆ ನುಂಗುತ್ತಿದ್ದಾರೆ. ಅವರಿಗೆ ಯಾರೂ ಸಲಹೆ ಕೊಟ್ಟಿರಲಿಲ್ಲ.

ಇಷ್ಟೆಲ್ಲ ಲೆಕ್ಕ ಕಲಿತ ಮೇಲೆ ನಾನೂ ಒಂದು ಸುಶಿಕ್ಷಿತ ಮೂಢನಂಬಿಕೆಗೆ ಬಿದ್ದೆ. ಒಂದು ಕಿಲೊ ಕೊಬ್ಬಿಗೆ 7,700 ಕ್ಯಾಲೊರಿ. ದಿನಕ್ಕೆ 500 ಉಳಿಸಿದರೆ ವರ್ಷಕ್ಕೆ 23 ಕಿಲೊ ಹೋಗುತ್ತದೆ ಎಂದು ಡೈರಿಯಲ್ಲಿ ಬರೆದಿಟ್ಟೆ. ಮ್ಯಾಕ್ಸ್ ವಿಶ್ನಾಫ್‌ಸ್ಕಿ ಎಂಬ ಅಮೆರಿಕದ ವೈದ್ಯ 1958ರಲ್ಲಿ ಹಾಕಿದ ಈ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಮೈ ಇಳಿದಂತೆ ಅದರ ಖರ್ಚೂ ಇಳಿಯುತ್ತದೆ, ಆದ್ದರಿಂದ ಇಳಿಕೆ ಬರಬರುತ್ತ ನಿಧಾನವಾಗಿ ಒಂದೆಡೆ ನಿಲ್ಲುತ್ತದೆ ಎಂದು ಮೇಲೆ ಹೇಳಿದ ಹಾಲ್ ಅವರ ತಂಡ 2011ರಲ್ಲಿ ತೋರಿಸಿತ್ತು. ಎಣ್ಣೆಯ ಡಬ್ಬಿಯನ್ನು ಮೂರು ಲೀಟರಿಗೆ, ಚಹಾವನ್ನು ಸಕ್ಕರೆಯಿಲ್ಲದ ಮೂರಕ್ಕೆ, ರೊಟ್ಟಿಯನ್ನು ಎರಡಕ್ಕೆ ತಂದು, ಒಂದು ಹಿಡಿ ಅನ್ನವನ್ನು ಮರಳಿ ತಟ್ಟೆಗೆ ಕರೆಸಿಕೊಂಡ ನಾನು ಎರಡು ವರ್ಷಗಳಲ್ಲಿ ಏಳೂವರೆ ಕಿಲೊ ಇಳಿದು, 78.5ರ ಹತ್ತಿರ ನಿಂತಿದ್ದೇನೆ. ಹೊಟ್ಟೆ 95ರಲ್ಲಿದೆ. ಕೋಟು ಸೇರುತ್ತದೆ, ಅವ್ವನಿಗೆ ಮಾತ್ರ ನಾನು ಸೊರಗಿದ್ದೇನೆ.

ಈ ವರ್ಷದ ಪಂಚಮಿಯ ಮರುದಿನ ಯಂತ್ರ 79.2 ತೋರಿಸಿತು. ಒಂದೇ ರಾತ್ರಿಯಲ್ಲಿ ಏಳುನೂರು ಗ್ರಾಂ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳಿಗೆ ವಿವರವಾಗಿ ಹೇಳಿದೆ: ನಿನ್ನೆ ತಿಂದದ್ದು ಎರಡು ಉಂಡಿ, ಎರಡೂ ಸೇರಿ ನೂರು ಗ್ರಾಂ, ನೂರು ಗ್ರಾಂ ತಿಂದವನ ಮೈಯಲ್ಲಿ ಅದು ಏಳುನೂರು ಗ್ರಾಂ ಕೊಬ್ಬಾಗಲು ಸಾಧ್ಯವೇ ಇಲ್ಲ, ಇದೆಲ್ಲ ಹಬ್ಬದ ಉಪ್ಪು ಹಿಡಿದಿಟ್ಟ ನೀರು, ನಾಲ್ಕು ದಿನಕ್ಕೆ ತಾನೇ ಹೋಗುತ್ತದೆ. ಅವಳು ಸಾವಧಾನವಾಗಿ ಕೇಳಿಸಿಕೊಂಡಳು. ‘ಹಂಗಾರ ಉಂಡಿದೇನೂ ತಪ್ಪಿಲ್ಲಂತಾತು’ ಎಂದು ಒಳಗೆ ಹೋಗಿ, ಡಬ್ಬಿಯಿಂದ ಇನ್ನೊಂದನ್ನು ತಂದು ನನ್ನ ಕೈಯಲ್ಲಿಟ್ಟಳು.